ಮನೆಯಂಗಳದಲ್ಲಿ ತುಡುವೆ ಜೇನು ಸಾಕಣೆ: ಕೌಶಲ್ಯದ ಕಲಿಕೆ ಹಾಗೂ ಹಂಚಿಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಜೇನು ಪೆಟ್ಟಿಗೆ ಮತ್ತು ಜೇನು ಕುಟುಂಬ ಕೋರಿ ತೋಟಗಾರಿಕೆ ಇಲಾಖೆಗೆ ಅರ್ಜಿ ಸಲ್ಲಿಸುವವರಲ್ಲಿ ಅನೇಕರು ಅದಕ್ಕೂ ಮುನ್ನ ಜೇನು ಪೆಟ್ಟಿಗೆಯ ಮುಚ್ಚಳವನ್ನು ಒಮ್ಮೆಯೂ ತೆರೆದು ನೋಡಿದವರಾಗಿರುವುದಿಲ್ಲ. ಅಂತಹವರ ಪೆಟ್ಟಿಗೆಯು ಮೊದಲ ಮಳೆಗಾಲ ಮುಗಿಯುವುದರೊಳಗೆ ಖಾಲಿಯಾಗಿ ಕೊಟ್ಟಿಗೆಯ ಮೂಲೆ ಸೇರುವುದು ಸಾಮಾನ್ಯ. ಪೆಟ್ಟಿಗೆ ಎಂಬುದು ಮರದ ಸಾಮಾನು ಮಾತ್ರ. ಅದರೊಳಗಿನ ಕುಟುಂಬವನ್ನು ಉಳಿಸಿಕೊಳ್ಳುವುದು ಕೈಕೆಲಸ. ಪೆಟ್ಟಿಗೆಯನ್ನು ಕಚೇರಿಯಿಂದ ಪಡೆಯಬಹುದು, ಕೈಕೆಲಸವನ್ನು ಮಾತ್ರ ಅದನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕಾಗುತ್ತದೆ.

ಆದುದರಿಂದ ಈ ಪುಟದಲ್ಲಿ ಅರ್ಜಿಯ ವಿಧಾನಕ್ಕಿಂತ ಮೊದಲು, ಅರ್ಜಿದಾರರು ಅನುಭವಿ ಜೇನು ಕೃಷಿಕರಿಂದ ಏನನ್ನು ಕಲಿತಿರಬೇಕು, ಈಗಾಗಲೇ ಜೇನು ಸಾಕುತ್ತಿರುವವರು ನೆರೆಹೊರೆಯವರಿಗೆ ಏನನ್ನು ಕಲಿಸಿಕೊಡಬಹುದು ಎಂಬುದನ್ನು ವಿವರಿಸಲಾಗಿದೆ.

ಸಾಕಬಹುದಾದ ಮತ್ತು ಸಾಕಲಾಗದ ಜೇನುಗಳು

ಕರ್ನಾಟಕದಲ್ಲಿ ಸಾಮಾನ್ಯವಾಗಿ ಕಾಣುವ ಜೇನುಗಳ ಪೈಕಿ ಹೆಜ್ಜೇನು ಎತ್ತರದ ಮರ, ಬಂಡೆ ಮತ್ತು ಕಟ್ಟಡಗಳಲ್ಲಿ ಒಂದೇ ದೊಡ್ಡ ಎರಿಯನ್ನು ಬಯಲಿನಲ್ಲಿ ಕಟ್ಟುತ್ತದೆ ಹಾಗೂ ಋತುವಿಗೆ ಅನುಸಾರವಾಗಿ ವಲಸೆ ಹೋಗುತ್ತದೆ. ಇದನ್ನು ಪೆಟ್ಟಿಗೆಯಲ್ಲಿ ಸಾಕಲು ಸಾಧ್ಯವಿಲ್ಲ. ಪೊದೆಯ ಕಡ್ಡಿಯ ಸುತ್ತ ಅಂಗೈ ಅಗಲದ ಎರಿ ಕಟ್ಟುವ ಕೋಲುಜೇನನ್ನೂ ಸಾಕಲಾಗುವುದಿಲ್ಲ. ಕುಟುಕದ ಮುಜಂಟಿ ಅಥವಾ ಮಿಸರಿ ಜೇನನ್ನು ಮಡಕೆ, ಬಿದಿರಿನ ಅಂಡೆ ಮತ್ತು ಚಿಕ್ಕ ಮರದ ಪೆಟ್ಟಿಗೆಗಳಲ್ಲಿ ಸಾಕುವ ವಾಡಿಕೆಯಿದೆ. ಇಳುವರಿ ತೀರಾ ಅಲ್ಪ.

ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು 1962ರಲ್ಲಿ ಇಂದಿನ ಹಿಮಾಚಲ ಪ್ರದೇಶದ ನಗ್ರೋಟಾ ಬಗ್ವಾನ್‌ನಲ್ಲಿ ನೆಲೆಗೊಂಡು ದೇಶದ ಇತರೆಡೆಗೆ ಹರಡಿತು. ಇದರ ಇಳುವರಿ ಹೆಚ್ಚು. ಆದರೆ ಹೂವು ಇರುವ ಕಡೆಗೆ ಪೆಟ್ಟಿಗೆಗಳನ್ನು ವಾಹನದಲ್ಲಿ ಸಾಗಿಸುತ್ತಾ ಇರಬೇಕಾದುದರಿಂದ ಇದು ಉದ್ದಿಮೆಯ ರೂಪದ್ದು. ಮನೆಯಂಗಳದಲ್ಲಿ ಎರಡು ಅಥವಾ ನಾಲ್ಕು ಪೆಟ್ಟಿಗೆ ಇಟ್ಟುಕೊಳ್ಳಬಯಸುವವರಿಗೆ ಸೂಕ್ತವಾದುದು ನಮ್ಮ ನೆಲದ್ದೇ ಆದ ತುಡುವೆ ಜೇನು. ಮರದ ಪೊಟರೆ, ಹುತ್ತ, ಕಲ್ಲಿನ ಸಂದು, ಹಳೆಯ ಗೋಡೆಯ ಕಿಂಡಿಗಳಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಇದು ಕಟ್ಟುತ್ತದೆ. ಕತ್ತಲೆಯ ಪೊಟರೆಯಲ್ಲಿ ಸಾಲು ಎರಿ ಕಟ್ಟುವ ಈ ಗುಣವೇ ಅದನ್ನು ಪೆಟ್ಟಿಗೆಗೆ ಒಗ್ಗಿಸಿದೆ. ಮುಂದಿನ ವಿವರಗಳೆಲ್ಲವೂ ತುಡುವೆ ಜೇನಿಗೆ ಸಂಬಂಧಿಸಿದವು.

1991-92ರ ರೋಗ ಮತ್ತು ಉಳಿದ ಕುಟುಂಬಗಳು

ಮಲೆನಾಡು ಮತ್ತು ಕರಾವಳಿಯಲ್ಲಿ ಹಿಂದಿನಿಂದಲೂ ಮಡಕೆಯ ಒಳಮೈಗೆ ಜೇನುಮೇಣ ಸವರಿ ಮರದ ಕವಲಿನಲ್ಲಿಟ್ಟು ತುಡುವೆಯನ್ನು ಬರಮಾಡಿಕೊಳ್ಳುವ ಪದ್ಧತಿ ಇತ್ತು. ಆ ಪದ್ಧತಿಯಲ್ಲಿ ಜೇನು ತೆಗೆಯಲು ಎರಿಗಳನ್ನೇ ಕೊಯ್ಯಬೇಕಾಗುತ್ತಿತ್ತು. 1911ರಿಂದ 1917ರ ಅವಧಿಯಲ್ಲಿ ತಿರುಚಿರಾಪಳ್ಳಿಯ ಕಡೆ ಪಾದ್ರಿ ನ್ಯೂಟನ್ ಅವರು ತುಡುವೆಯ ಗಾತ್ರಕ್ಕೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಗರಿಗೆ ತರಬೇತಿ ನೀಡಿದರು. ಆ ಪೆಟ್ಟಿಗೆ ಇಂದಿಗೂ ಅವರ ಹೆಸರಿನಿಂದಲೇ ಬಳಕೆಯಲ್ಲಿದೆ. ಕೊಡಗಿನ ವಿರಾಜಪೇಟೆ, ಭಾಗಮಂಡಲ ಹಾಗೂ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಜೇನು ಕೃಷಿಕರ ಸಹಕಾರ ಸಂಘಗಳು ಬೆಳೆದವು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣು ರೋಗವು ಕೇರಳ ಮತ್ತು ಕರ್ನಾಟಕದಲ್ಲಿ ಕಾಣಿಸಿಕೊಂಡು, ಅಲ್ಪ ಕಾಲದಲ್ಲಿ ತುಡುವೆ ಕುಟುಂಬಗಳ ಬಹುಪಾಲನ್ನು ನಾಶಪಡಿಸಿತು. ಈ ರೋಗವು 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಲ್ಪಟ್ಟಿದ್ದರಿಂದ ಅದಕ್ಕೆ ಆ ಹೆಸರು. ನೊಣಗಳಿಗಲ್ಲದೆ ಮರಿಗಳಿಗೆ ತಗಲುವ ರೋಗವಿದು. ಮರಿಯು ಕೋಶಾವಸ್ಥೆಗೆ ಹೋಗುವ ಮುನ್ನವೇ ಸತ್ತು, ನೀರು ತುಂಬಿದ ಚೀಲದಂತಾಗುತ್ತದೆ. ತಲೆಯ ಭಾಗ ಮೇಲಕ್ಕೆ ಎದ್ದು ದೋಣಿಯ ಮೂತಿಯಂತೆ ಕಾಣುತ್ತದೆ. ಇದಕ್ಕೆ ಔಷಧಿ ಅಂದೂ ಇರಲಿಲ್ಲ, ಇಂದೂ ಇಲ್ಲ. ರೋಗ ತಗಲಿಯೂ ಬದುಕಿಕೊಂಡ ಕೆಲವೇ ಕುಟುಂಬಗಳನ್ನು ಪಾಲು ಮಾಡಿ, ನೆರೆಯವರಿಗೆ ಕೊಟ್ಟು, ಅವರು ಮತ್ತೆ ಪಾಲು ಮಾಡಿ ಮುಂದಕ್ಕೆ ಕೊಟ್ಟು ಜೇನು ಕೃಷಿಯನ್ನು ಪುನಃ ಕಟ್ಟಿಕೊಳ್ಳಲಾಯಿತು. ಅಂದು ಎಷ್ಟೋ ಮನೆಗಳಲ್ಲಿ ಜೇನಿನೊಂದಿಗೆ ಜೇನು ಸಾಕುವ ತಿಳಿವಳಿಕೆಯೂ ಇಲ್ಲವಾಯಿತು. ಇಂದು ಅರ್ಜಿ ಸಲ್ಲಿಸುವವರಲ್ಲಿ ಅಜ್ಜನ ಕಾಲದಲ್ಲಿ ಜೇನಿತ್ತು ಎನ್ನುವವರು ಸಿಗುತ್ತಾರೆ, ಆದರೆ ಕಲಿಸುವ ಅಜ್ಜ ಮನೆಯಲ್ಲಿರುವುದಿಲ್ಲ.

ಪೆಟ್ಟಿಗೆಯನ್ನು ತಾವೇ ಮಾಡಿಕೊಳ್ಳಬಯಸುವವರಿಗೆ

ಪೆಟ್ಟಿಗೆಯ ಭಾಗಗಳು ಸರಳ: ಕಾಲುಮಣೆ, ಅದರ ಮೇಲೆ ಅಡಿಹಲಗೆ, ಮರಿಗಳು ಬೆಳೆಯುವ ಸಂಸಾರ ಕೋಣೆ, ಅದರ ಮೇಲೆ ಜೇನು ಕೋಣೆ, ಒಳಮುಚ್ಚಳ ಮತ್ತು ಮಳೆ ತಡೆಯುವ ಮೇಲ್ಮುಚ್ಚಳ. ನ್ಯೂಟನ್ ಮಾದರಿಯ ಸಂಸಾರ ಕೋಣೆಯಲ್ಲಿ ಸಾಮಾನ್ಯವಾಗಿ 7 ಚೌಕಟ್ಟುಗಳಿರುತ್ತವೆ. ಚೆನ್ನಾಗಿ ಒಣಗಿದ, ಕಟುವಾಸನೆ ಇಲ್ಲದ ಮರವನ್ನು ಬಳಸಬೇಕು. ಹಲಸು ಮತ್ತು ತೇಗ ಒಳ್ಳೆಯವು. ಒಳಭಾಗಕ್ಕೆ ಬಣ್ಣ, ವಾರ್ನಿಷ್ ಅಥವಾ ಗೆದ್ದಲು ಔಷಧಿ ಹಚ್ಚಬಾರದು.

ಇಡೀ ಪೆಟ್ಟಿಗೆಯ ಗುಟ್ಟು ಒಂದು ಅಳತೆಯಲ್ಲಿದೆ. ಚೌಕಟ್ಟು ಮತ್ತು ಪೆಟ್ಟಿಗೆಯ ಗೋಡೆಯ ನಡುವೆ, ಹಾಗೂ ಕೆಳಗಿನ ಮತ್ತು ಮೇಲಿನ ಚೌಕಟ್ಟುಗಳ ನಡುವೆ, ನೊಣ ಓಡಾಡಲು ಸುಮಾರು 8 ಮಿ.ಮೀ. ಜಾಗ ಬಿಟ್ಟಿರಬೇಕು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಇದನ್ನು ಗುರುತಿಸಿ ಪೆಟ್ಟಿಗೆಗೆ ಅಳವಡಿಸಿದ ನಂತರವೇ ಎರಿ ಕೊಯ್ಯದೆ ಚೌಕಟ್ಟನ್ನು ಎತ್ತಿ ನೋಡುವ ಪದ್ಧತಿ ಪ್ರಚಾರಕ್ಕೆ ಬಂದಿತು. ಜಾಗ ಹೆಚ್ಚಾದರೆ ನೊಣಗಳು ಅಲ್ಲಿ ಅಡ್ಡ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಬೆಸೆಯುತ್ತವೆ. ಕಡಿಮೆಯಾದರೆ ನೊಣಗಳು ಹಾಯಲಾರವು. ಚೌಕಟ್ಟು ಎತ್ತುವಾಗ ಜಜ್ಜಿ ಸಾಯುತ್ತವೆ, ಸತ್ತವುಗಳಲ್ಲಿ ರಾಣಿಯೂ ಇರಬಹುದು. ಊರಿನ ಬಡಗಿಯು ಕಣ್ಣಂದಾಜಿನಲ್ಲಿ ಮಾಡಿದ ಪೆಟ್ಟಿಗೆಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ. ಕಾಗದದ ನಕ್ಷೆಯನ್ನು ಕೊಡುವುದಕ್ಕಿಂತ, ಬಳಕೆಯಲ್ಲಿರುವ ಒಂದು ಉತ್ತಮ ಪೆಟ್ಟಿಗೆಯನ್ನೇ ಬಡಗಿಯ ಎದುರು ಇಟ್ಟು ಅಳತೆ ಒಪ್ಪಿಸುವುದು ಮೇಲು. ಒಂದು ಊರಿನವರೆಲ್ಲರೂ ಒಂದೇ ಅಳತೆಯನ್ನು ಇಟ್ಟುಕೊಂಡಲ್ಲಿ ಒಬ್ಬರ ಚೌಕಟ್ಟು ಇನ್ನೊಬ್ಬರ ಪೆಟ್ಟಿಗೆಗೆ ಹೊಂದುತ್ತದೆ. ಕುಟುಂಬ ಸೊರಗಿದಾಗ ಪಕ್ಕದ ಮನೆಯಿಂದ ಒಂದು ಮರಿ ಎರಿಯನ್ನು ತಂದು ಕೂರಿಸಲು ಇದರಿಂದ ಸಾಧ್ಯವಾಗುತ್ತದೆ.

ಪೆಟ್ಟಿಗೆಯನ್ನು ನೆರಳಿರುವ, ಬೆಳಗಿನ ಎಳೆಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಇಡತಕ್ಕದ್ದು. ಇರುವೆ ಹತ್ತದಂತೆ ಕಾಲುಮಣೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಬಟ್ಟಲಿನ ನೀರು ಒಣಗಿದ ಒಂದೇ ರಾತ್ರಿಯಲ್ಲಿ ಇರುವೆ ಹತ್ತಿ ಕುಟುಂಬ ಪರಾರಿಯಾಗುವುದುಂಟು. ಹೀಗೆ ಸಣ್ಣ ಕಾರಣಕ್ಕೂ ಗೂಡು ತೊರೆಯುವುದು ತುಡುವೆಯ ಸ್ವಭಾವ.

ಕುಟುಂಬವನ್ನು ಪಡೆಯುವ ಮಾರ್ಗಗಳು

ಪಾಲಾಗುವ ಕಾಲದಲ್ಲಿ ಒಳಗೆ ಮೇಣ ಸವರಿದ ಹಳೆಯ ಪೆಟ್ಟಿಗೆಯನ್ನು ತೋಟದ ಮರದಲ್ಲಿ ಆಳೆತ್ತರಕ್ಕೆ ಕಟ್ಟಿದರೆ ಕುಟುಂಬವು ತಾನೇ ಬಂದು ಸೇರಬಹುದು. ಇದಕ್ಕೆ ಖರ್ಚಿಲ್ಲ, ಖಾತರಿಯೂ ಇಲ್ಲ.

ಪೊಟರೆ ಅಥವಾ ಗೋಡೆಯೊಳಗಿನ ಕುಟುಂಬವನ್ನು ಪೆಟ್ಟಿಗೆಗೆ ಇಳಿಸುವುದು ಎರಡನೆಯ ಮಾರ್ಗ. ಹಿತವಾಗಿ ಹೊಗೆ ಹಾಕಿ, ಬಾಯಿಯನ್ನು ಅಗಲಿಸಿ, ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿಗಳಿರುವ ಎರಿಗಳನ್ನು ಮಾತ್ರ ಮೇಲುಗಡೆ ಮೇಲಕ್ಕೇ ಇರುವಂತೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಲಾಗುತ್ತದೆ. ಕೆಲವು ದಿನಗಳಲ್ಲಿ ನೊಣಗಳು ಎರಿಯನ್ನು ಚೌಕಟ್ಟಿಗೆ ಬೆಸೆದು ನಾರನ್ನು ಕಡಿದು ಹೊರಹಾಕುತ್ತವೆ. ರಾಣಿ ಪೆಟ್ಟಿಗೆಗೆ ಬಂದರೆ ಉಳಿದವು ಹಿಂದೆಯೇ ಬರುತ್ತವೆ. ಈ ಕೆಲಸವನ್ನು ಸಂಜೆ ಹೊತ್ತು, ಅನುಭವಿಗಳ ಜೊತೆಯಲ್ಲಿ ಮಾತ್ರ ಮಾಡಬೇಕು. ಅರಣ್ಯ ಪ್ರದೇಶದಿಂದ ಕುಟುಂಬ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ.

ಮೂರನೆಯದು, ಬೇರೆ ಕೃಷಿಕರು ಪಾಲು ಮಾಡಿದ ಕುಟುಂಬವನ್ನು ಪಡೆಯುವುದು. ಹೊಸಬರಿಗೆ ಇದೇ ಅತ್ಯುತ್ತಮ. ಕುಟುಂಬದ ಜೊತೆಗೆ ಅದರ ಗುಣಾವಗುಣ ಬಲ್ಲ ಒಬ್ಬರ ಪರಿಚಯವೂ ಆಗುತ್ತದೆ ಎಂಬುದೇ ಕಾರಣ.

ಚೌಕಟ್ಟನ್ನು ಓದುವುದು

ಜೇನು ಕೃಷಿಕರು ಪರಸ್ಪರ ಕಲಿಸಿಕೊಳ್ಳಬೇಕಾದ ಮುಖ್ಯ ವಿದ್ಯೆ ಇದು. ಬರಹದಿಂದ ಇದರ ಪರಿಚಯ ಮಾತ್ರ ಸಾಧ್ಯ.

ಹೂವಿನ ಕಾಲದಲ್ಲಿ ವಾರ, ಹತ್ತು ದಿನಕ್ಕೊಮ್ಮೆ ಪೆಟ್ಟಿಗೆಯನ್ನು ತೆರೆದು ನೋಡಬೇಕು. ಮೋಡ, ಗಾಳಿ, ಮಳೆ ಇರುವಾಗ ತೆರೆಯಬಾರದು. ಚೌಕಟ್ಟನ್ನು ನೇರವಾಗಿ ಮೇಲಕ್ಕೆ ಎತ್ತಿ, ಬೆಳಕು ಹೆಗಲ ಮೇಲಿಂದ ಎರಿಯ ಮೇಲೆ ಬೀಳುವಂತೆ ಹಿಡಿಯಬೇಕು. ಎಳೆಯ ಎರಿ ಮುರಿಯುವುದರಿಂದ ಅಡ್ಡಲಾಗಿ ಮಲಗಿಸಬಾರದು. ರಾಣಿಯನ್ನು ಪ್ರತಿ ಬಾರಿ ಹುಡುಕುವ ಅಗತ್ಯವಿಲ್ಲ. ಕೋಶದ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ಬಿಳಿಯ ಮೊಟ್ಟೆ, ಕೋಶಕ್ಕೆ ಒಂದರಂತೆ ಕಂಡುಬಂದರೆ, ಹಿಂದಿನ ಮೂರು ದಿನಗಳೊಳಗೆ ರಾಣಿ ಅಲ್ಲಿ ಇದ್ದಳು ಎಂದು ಅರ್ಥ. ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆಗಳು ಕೋಶದ ಗೋಡೆಗೆ ಅಂಟಿಕೊಂಡಂತೆ ಕಂಡಲ್ಲಿ, ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಡಲಾರಂಭಿಸಿವೆ ಎಂದು ತಿಳಿಯಬೇಕು. ಅಂತಹ ಮೊಟ್ಟೆಗಳಿಂದ ಗಂಡು ನೊಣಗಳು ಮಾತ್ರ ಹುಟ್ಟುತ್ತವೆ ಮತ್ತು ಕುಟುಂಬ ಅಳಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ತುಡುವೆಯ ಗಂಡು ಮರಿಗಳ ಕೋಶಗಳು ಎರಿಯ ಅಂಚಿನಲ್ಲಿದ್ದು, ಮುಚ್ಚಳವು ಉಬ್ಬಿ ಅದರ ನೆತ್ತಿಯಲ್ಲಿ ಸೂಜಿ ಚುಚ್ಚಿದಂತಹ ಒಂದು ರಂಧ್ರವಿರುತ್ತದೆ. ಇದು ಸಹಜ. ಸ್ಯಾಕ್‌ಬ್ರೂಡ್ ರೋಗ ತಗಲಿದ ಕೆಲಸಗಾರ ಮರಿಗಳ ಕೋಶಗಳ ಮುಚ್ಚಳದಲ್ಲಿಯೂ ತೂತುಗಳು ಕಾಣುತ್ತವೆ. ಆದರೆ ಅವು ಅಂಕುಡೊಂಕಾಗಿದ್ದು ಎರಿಯ ನಡುವೆ ಅಲ್ಲಲ್ಲಿ ಹರಡಿರುತ್ತವೆ. ಸಣ್ಣ ಕಡ್ಡಿಯಿಂದ ಒಳಗಿನ ಮರಿಯನ್ನು ಎತ್ತಿದರೆ ಚೀಲದಂತೆ ಇಡಿಯಾಗಿ ಬರುತ್ತದೆ. ಮೊದಲನೆಯದನ್ನು ರೋಗವೆಂದು ಭಾವಿಸಿ ಒಳ್ಳೆಯ ಕುಟುಂಬವನ್ನು ಸುಟ್ಟವರೂ, ಎರಡನೆಯದನ್ನು ಸಹಜವೆಂದು ಬಿಟ್ಟು ಊರಿನ ಪೆಟ್ಟಿಗೆಗಳಿಗೆಲ್ಲ ರೋಗ ಹಂಚಿದವರೂ ಇರುತ್ತಾರೆ. ಈ ಎರಡು ತೂತುಗಳ ವ್ಯತ್ಯಾಸ ಓದಿದರೆ ಗೊಂದಲವಾಗುತ್ತದೆ, ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ತಮ್ಮ ಪೆಟ್ಟಿಗೆಯಲ್ಲಿ ರೋಗ ಕಂಡವರು ಅದನ್ನು ಮುಚ್ಚಿಡದೆ ನೆರೆಯ ಕೃಷಿಕರಿಗೆ ತಿಳಿಸುವುದು, ಆ ಪೆಟ್ಟಿಗೆಯ ಎರಿ, ಚೌಕಟ್ಟು, ಉಪಕರಣಗಳನ್ನು ಬೇರೆ ಪೆಟ್ಟಿಗೆಗೆ ಬಳಸದಿರುವುದು ಹಾಗೂ ತಾಲ್ಲೂಕು ಕಚೇರಿಗೆ ಮಾಹಿತಿ ನೀಡುವುದು ಅತ್ಯಗತ್ಯ.

ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂತೆ ಜೋತುಬಿದ್ದ ಕೋಶಗಳು ಕಂಡರೆ ಅವು ರಾಣಿ ಕೋಶಗಳು. ಕುಟುಂಬ ಪಾಲಾಗಲು ಸಿದ್ಧವಾಗಿದೆ ಎಂಬುದರ ಸೂಚನೆ.

ಮಳೆಗಾಲದ ಆರೈಕೆ

ಹೊಸಬರ ಕುಟುಂಬಗಳು ಹೆಚ್ಚಾಗಿ ನಷ್ಟವಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಲೆನಾಡಿನಲ್ಲಿ ಈ ಅವಧಿಯಲ್ಲಿ ಹೂವೂ ಕಡಿಮೆ, ಹಾರಾಟಕ್ಕೆ ಬಿಡುವೂ ಕಡಿಮೆ. ಮೇ ತಿಂಗಳಿನಲ್ಲಿ ಸಂಸಾರ ಕೋಣೆಯ ಜೇನನ್ನೂ ಬಿಡದೆ ಹಿಂಡಿಕೊಂಡವರ ಪೆಟ್ಟಿಗೆ ಜುಲೈಯಲ್ಲಿ ಹಸಿವಿನಿಂದ ಖಾಲಿಯಾಗುತ್ತದೆ. ಜೇನು ಕೋಣೆಯಲ್ಲಿರುವುದು ಮಾತ್ರ ಸಾಕಿದವರ ಪಾಲು. ಸಂಸಾರ ಕೋಣೆಯದು ನೊಣಗಳ ದಾಸ್ತಾನು.

ದಾಸ್ತಾನು ಸಾಲದಾದಾಗ ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಕಾಯಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೆ ಇಡಬೇಕು. ಹೊರಗೆ ಚೆಲ್ಲಿದರೆ ಇರುವೆ ಬರುತ್ತದೆ. ಅಲ್ಲದೆ ಪಕ್ಕದ ಪೆಟ್ಟಿಗೆಯ ನೊಣಗಳು ಕೊಳ್ಳೆಗೆ ಬರುತ್ತವೆ. ನೊಣಗಳು ಮುಳುಗದಂತೆ ಬಟ್ಟಲಿನಲ್ಲಿ ಒಣಕಡ್ಡಿಗಳನ್ನು ಹಾಕಬೇಕು. ಜೇನು ಕೋಣೆಗೆ ಎರಿ ಕಟ್ಟುವ ಕಾಲದಲ್ಲಿ ಸಕ್ಕರೆ ಪಾಕ ಕೊಡಬಾರದು. ಹಾಗೆ ಕೊಟ್ಟು ತೆಗೆದುದು ಜೇನುತುಪ್ಪವಲ್ಲ, ಸಕ್ಕರೆ ಪಾಕವೇ.

ಮೇಣದ ಹುಳು ಮಳೆಗಾಲದ ಎರಡನೆಯ ಶತ್ರು. ತುಡುವೆ ನೊಣಗಳು ಹಳೆಯ ಎರಿಯನ್ನು ಕಡಿದು ಪುಡಿಯನ್ನು ಅಡಿಹಲಗೆಯ ಮೇಲೆ ಬೀಳಿಸುತ್ತವೆ, ಆ ಪುಡಿಯಲ್ಲಿಯೇ ಪತಂಗವು ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಅಡಿಹಲಗೆಯನ್ನು ಒರೆಸುವುದು, ನೊಣಗಳು ಆವರಿಸದ ಹೆಚ್ಚುವರಿ ಎರಿಗಳನ್ನು ತೆಗೆದುಬಿಡುವುದು ಇದಕ್ಕೆ ಪರಿಹಾರ. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟವರೇ ನಂತರ ಔಷಧಿ ಯಾವುದೆಂದು ವಿಚಾರಿಸಿಕೊಂಡು ಬರುತ್ತಾರೆ. ಮಳೆ ಕಳೆದ ಮೇಲೆ ಪೆಟ್ಟಿಗೆಯ ಬಾಗಿಲಲ್ಲಿ ಕಡಜಗಳು ಹೊಂಚು ಹಾಕುವುದರಿಂದ, ಬಾಗಿಲನ್ನು ನೊಣ ಮಾತ್ರ ನುಸುಳುವಷ್ಟಕ್ಕೆ ಕಿರಿದುಗೊಳಿಸಬೇಕು.

ಹೂವಿನ ಕಾಲ ಮತ್ತು ಜೇನು ತೆಗೆಯುವುದು

ಮಲೆನಾಡು, ಕರಾವಳಿಯಲ್ಲಿ ಮುಖ್ಯ ಸುಗ್ಗಿ ಫೆಬ್ರವರಿಯಿಂದ ಮೇವರೆಗೆ. ಕೊಡಗಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಕಾಫಿ ಅರಳುತ್ತದೆ. ರೊಬಸ್ಟಾ ಕಾಫಿಗೆ ಪರಕೀಯ ಪರಾಗಸ್ಪರ್ಶ ಅಗತ್ಯವಾದುದರಿಂದ ತೋಟದವರಿಗೂ ಜೇನು ಬೇಕಾಗಿದೆ. ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ಎಲೆ ಉದುರಿ ಹೊಸ ಚಿಗುರು ಬರುವಾಗ ಹೂವಿನಿಂದಲ್ಲ, ಎಲೆಯ ತೊಟ್ಟಿನಿಂದಲೇ ಮಕರಂದ ಒಸರುತ್ತದೆ. ನೇರಳೆ, ಮತ್ತಿ ಇತ್ಯಾದಿ ಕಾಡುಮರಗಳೂ ಇದೇ ಹೊತ್ತಿಗೆ ಆಸರೆ. ಬಯಲುಸೀಮೆಯಲ್ಲಿ ಹೊಂಗೆ, ಹುಣಸೆ, ಬೇವು, ಸೂರ್ಯಕಾಂತಿ, ಹುಚ್ಚೆಳ್ಳು ಮುಖ್ಯ. ತೆಂಗು, ಅಡಿಕೆ, ಬಾಳೆ ವರ್ಷವಿಡೀ ಅಷ್ಟಿಷ್ಟು ಒದಗಿಸುತ್ತವೆ. ಪ್ರತಿ ಊರಿನ ಪಂಚಾಂಗ ಬೇರೆ. ಆ ಊರಿನ ಜೇನು ಕೃಷಿಕರು ತಮ್ಮಲ್ಲಿ ಯಾವ ಮರ ಯಾವ ವಾರ ಹೂ ಬಿಟ್ಟಿತೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ಹಂಚಿಕೊಂಡಲ್ಲಿ ಎರಡು ಮೂರು ವರ್ಷಗಳಲ್ಲಿ ಯಾವ ಇಲಾಖೆಯ ಕೈಪಿಡಿಗಿಂತಲೂ ಉಪಯುಕ್ತವಾದ ದಾಖಲೆ ಸಿದ್ಧವಾಗುತ್ತದೆ.

ಎರಿಯ ಮುಕ್ಕಾಲು ಭಾಗದ ಕೋಶಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ ಮೇಲೆಯೇ ಜೇನು ತೆಗೆಯಬೇಕು. ಅದಕ್ಕೂ ಮುನ್ನ ತೆಗೆದರೆ ನೀರಿನ ಅಂಶ ಹೆಚ್ಚಿದ್ದು ಹುಳಿಯುತ್ತದೆ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಮಾರಾಟದ ಜೇನುತುಪ್ಪದಲ್ಲಿ ನೀರಿನ ಅಂಶ ಶೇ. 20ನ್ನು ಮೀರುವಂತಿಲ್ಲ. ಮುಚ್ಚಳವನ್ನು ಚಾಕುವಿನಿಂದ ತೆಳುವಾಗಿ ಸವರಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಜೇನು ತೆಗೆದು, ಖಾಲಿ ಎರಿಗಳನ್ನು ಅದೇ ಪೆಟ್ಟಿಗೆಗೆ ಮರಳಿಸಬೇಕು. ಈ ಯಂತ್ರವನ್ನು ಪ್ರತಿಯೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ನಾಲ್ಕೈದು ಮನೆಗಳಿಗೆ ಒಂದು ಸಾಕು. ಆದರೆ ಪ್ರತಿ ಬಳಕೆಯ ನಂತರ ಬಿಸಿನೀರಿನಲ್ಲಿ ತೊಳೆದು ಒಣಗಿಸಿಯೇ ಮುಂದಿನ ಮನೆಗೆ ಕೊಡತಕ್ಕದ್ದು.

ಜೇನುತುಪ್ಪ ಗಟ್ಟಿಯಾಗಿ ಹರಳುಗಟ್ಟುವುದು ಕಲಬೆರಕೆಯ ಲಕ್ಷಣವಲ್ಲ. ಲೋಟದ ನೀರಿಗೆ ಹನಿ ಬಿಡುವುದು, ಬತ್ತಿಗೆ ಸವರಿ ಉರಿಸುವುದು ಮುಂತಾದ ಮನೆಪರೀಕ್ಷೆಗಳಿಂದ ಶುದ್ಧತೆ ನಿರ್ಧಾರವಾಗುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಒಂದು ವರ್ಷ ತುಂಬದ ಶಿಶುಗಳಿಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ಎಷ್ಟೇ ಶುದ್ಧವಾದ ಜೇನಿನಲ್ಲಿಯೂ ಶಿಶುಗಳಿಗೆ ಅಪಾಯಕಾರಿಯಾದ ಬೊಟುಲಿಸಂ ರೋಗದ ಬೀಜಾಣುಗಳು ಇರಬಹುದಾಗಿದೆ.

ಕುಟುಂಬ ಪಾಲು ಮಾಡಿ ಇನ್ನೊಬ್ಬರಿಗೆ ಕೊಡುವುದು

ಸುಗ್ಗಿಯ ಆರಂಭದಲ್ಲಿ, ಆರು ಅಥವಾ ಹೆಚ್ಚು ಎರಿಗಳ ತುಂಬ ನೊಣಗಳಿದ್ದು, ಗಂಡು ನೊಣಗಳು ಹಾರಾಡುತ್ತಿರುವಾಗ ಮಾತ್ರ ಪಾಲು ಮಾಡಬೇಕು. ಗಂಡು ನೊಣಗಳಿಲ್ಲದ ಕಾಲದಲ್ಲಿ ಹೊಸ ರಾಣಿಗೆ ಮಿಲನವಾಗದೆ ಆ ಪಾಲು ವ್ಯರ್ಥವಾಗುತ್ತದೆ. ಮೊಟ್ಟೆ ಮತ್ತು ಎಳೆಮರಿಗಳಿರುವ ಎರಿಗಳು ಎರಡೂ ಪಾಲಿಗೆ ಬರುವಂತೆ, ಜೇನು ಮತ್ತು ಪರಾಗವಿರುವ ಎರಿ ತಲಾ ಒಂದಾದರೂ ಇರುವಂತೆ ಹಂಚಿ, ನೊಣಗಳು ಎರಡಕ್ಕೂ ಸಮನಾಗಿ ಸೇರುವಂತೆ ಪೆಟ್ಟಿಗೆಗಳನ್ನು ಹಳೆಯ ಜಾಗದ ಎಡಬಲಕ್ಕೆ ಇಡಲಾಗುತ್ತದೆ. ರಾಣಿಯಿಲ್ಲದ ಪಾಲಿನ ನೊಣಗಳು ಎಳೆಮರಿಯೊಂದಕ್ಕೆ ರಾಜಶಾಹಿ ರಸ ಉಣಿಸಿ ಹೊಸ ರಾಣಿಯನ್ನು ಬೆಳೆಸುತ್ತವೆ. ಮುಚ್ಚಿದ ರಾಣಿ ಕೋಶವೊಂದು ಮೊದಲೇ ಇದ್ದಲ್ಲಿ ಅದನ್ನು ಈ ಪಾಲಿಗೆ ಕೊಟ್ಟರೆ ಸಮಯ ಉಳಿಯುತ್ತದೆ. ಮೊಟ್ಟೆಯಿಂದ ಆರಂಭಿಸಿದಲ್ಲಿ ಹೊಸ ರಾಣಿ ಹೊರಬಂದು, ಮಿಲನ ಮುಗಿಸಿ, ಮೊಟ್ಟೆ ಇಡುವವರೆಗೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ.

ಹೊಸ ಪಾಲನ್ನು ಇನ್ನೊಬ್ಬರಿಗೆ ಕೊಡುವವರು ಹೊಸ ರಾಣಿಯ ಮೊಟ್ಟೆಗಳನ್ನು ಕಂಡ ಮೇಲೆಯೇ ಕೊಡುವುದು ನ್ಯಾಯ. ಪಡೆಯುವವರು ಅದಕ್ಕೂ ಮುಂಚಿನಿಂದಲೇ ವಾರಕ್ಕೊಮ್ಮೆ ಬಂದು ಆ ಪೆಟ್ಟಿಗೆಯನ್ನು ಜೊತೆಯಲ್ಲಿ ತೆರೆದು ನೋಡಿದರೆ, ಕುಟುಂಬ ಅವರ ಮನೆಗೆ ಹೋಗುವ ವೇಳೆಗೆ ಚೌಕಟ್ಟು ಓದುವುದು ಅರ್ಧ ಕಲಿತಂತಾಗುತ್ತದೆ. ಕಲಿಸುವವರು ಚೌಕಟ್ಟನ್ನು ತಾವೇ ಎತ್ತಿ ತೋರಿಸುತ್ತಾ ಹೋಗುವ ಬದಲು ಕಲಿಯುವವರ ಕೈಗೇ ಕೊಡಬೇಕು. ಮೊದಲ ಕುಟುಕು ಕಲಿಸುವವರ ಅಂಗಳದಲ್ಲಿಯೇ ಆಗಿಹೋಗುವುದು ಒಳ್ಳೆಯದು. ಕೈಚೀಲ, ಮುಖಪರದೆ ಇದ್ದರೂ ಆತುರದ ಕೈಗೆ ಕುಟುಕು ತಪ್ಪದು ಎಂಬುದು ಅಲ್ಲಿ ತಿಳಿಯುತ್ತದೆ. ಕುಟುಕಿದ ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ತಲೆಸುತ್ತು ಕಂಡುಬಂದಲ್ಲಿ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂತಹವರು ಜೇನು ಸಾಕಣೆಯನ್ನು ವೈದ್ಯರ ಸಲಹೆಯಿಲ್ಲದೆ ಮುಂದುವರಿಸಬಾರದು.

ಪೆಟ್ಟಿಗೆಯನ್ನು ಕತ್ತಲಾದ ಮೇಲೆ, ನೊಣಗಳೆಲ್ಲ ಒಳಸೇರಿದಾಗ, ಬಾಗಿಲಿಗೆ ಜಾಲರಿ ಕಟ್ಟಿ ಸಾಗಿಸಬೇಕು. ಹಳೆಯ ಜಾಗದಿಂದ ಹೊಸ ಜಾಗ ಎರಡು ಮೂರು ಕಿ.ಮೀ. ದೂರವಿರಬೇಕು, ಇಲ್ಲವಾದಲ್ಲಿ ಮರುದಿನ ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ ಅಲ್ಲಿಯೇ ಸುತ್ತುತ್ತಾ ಸಾಯುತ್ತವೆ. ಪಕ್ಕದ ಮನೆಯವರಿಗೇ ಕೊಡುವುದಾದರೆ ಕುಟುಂಬವನ್ನು ಕೆಲವು ವಾರ ದೂರದ ನೆಂಟರ ಮನೆಯಲ್ಲಿ ಇರಿಸಿ ನಂತರ ತರುವುದು ರೂಢಿ.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಜೇನು ಪೆಟ್ಟಿಗೆ, ಜೇನು ಕುಟುಂಬ ಹಾಗೂ ಸ್ಟ್ಯಾಂಡ್‌ಗಳಿಗೆ ನೀಡಲಾಗುವ ಸಹಾಯಧನದ ಪ್ರಮಾಣ, ಗರಿಷ್ಠ ಸಂಖ್ಯೆ ಮತ್ತು ಅರ್ಹತೆಯನ್ನು ಆಯಾ ವರ್ಷದ ಕಾರ್ಯಕ್ರಮದ ಮಾರ್ಗಸೂಚಿಯಂತೆ ನಿಗದಿಪಡಿಸಲಾಗುತ್ತದೆ. ಕೇಂದ್ರ ಸರ್ಕಾರವು 2020ರಲ್ಲಿ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಮಿಷನ್ ಅನ್ನು ಆರಂಭಿಸಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2017ರಿಂದ ಪ್ರತ್ಯೇಕವಾಗಿ ಜೇನು ಮಿಷನ್ ಕಾರ್ಯಕ್ರಮವನ್ನು ಕೈಗೊಂಡಿತು. ಒಂದೇ ಉದ್ದೇಶಕ್ಕೆ ಎರಡು ಕಡೆ ಸಹಾಯಧನ ಪಡೆಯಲು ಪ್ರಯತ್ನಿಸಬಾರದು.

ಅರ್ಜಿದಾರರು ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಭಾವಚಿತ್ರ ಹಾಗೂ ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಂಡು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬೇಕು. ಆರ್ಥಿಕ ವರ್ಷದ ಮೊದಲ ತಿಂಗಳುಗಳಲ್ಲಿಯೇ ಅರ್ಜಿ ಸಲ್ಲಿಸುವುದು ಸೂಕ್ತ. ಕುಟುಂಬವು ಮಳೆ ಕಳೆದ ನಂತರ, ಸುಗ್ಗಿಗೆ ಮುಂಚೆ ಕೈಸೇರಿದರೆ ಅದು ನೆಲೆಯೂರಲು ಕಾಲಾವಕಾಶ ದೊರೆಯುತ್ತದೆ. ಮಳೆಗಾಲದ ಬಾಗಿಲಿನಲ್ಲಿ ಬಂದ ಕುಟುಂಬವನ್ನು ಉಳಿಸಿಕೊಳ್ಳುವುದು ಹೊಸಬರಿಗೆ ಕಷ್ಟ.

ಪೆಟ್ಟಿಗೆಯನ್ನು ಸ್ವೀಕರಿಸುವಾಗ ಮುಚ್ಚಳ ತೆರೆದು ನೋಡದೆ ಸ್ವೀಕೃತಿಗೆ ಸಹಿ ಹಾಕಬಾರದು. ಮೊಟ್ಟೆ ಇಡುತ್ತಿರುವ ರಾಣಿ ಇದೆಯೇ, ಎರಿಗಳನ್ನು ನೊಣಗಳು ಎರಡೂ ಕಡೆ ಆವರಿಸಿವೆಯೇ, ಸತ್ತ ಮರಿ ಅಥವಾ ಮೇಣದ ಹುಳುವಿನ ಬಲೆ ಕಾಣುತ್ತದೆಯೇ, ಚೌಕಟ್ಟುಗಳು ಸಲೀಸಾಗಿ ಮೇಲೇಳುತ್ತವೆಯೇ ಎಂಬುದನ್ನು ಪರಿಶೀಲಿಸುವ ಹಕ್ಕು ಅರ್ಜಿದಾರರಿಗೆ ಇದೆ. ಇದನ್ನು ಪರಿಶೀಲಿಸಲು ಬಾರದವರು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಲೋಪ ಕಂಡುಬಂದಲ್ಲಿ ಅದನ್ನು ಸ್ವೀಕೃತಿಯ ಮೇಲೆಯೇ ಬರೆದು, ಒಂದು ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.

ಕಟ್ಟಡಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಅದಕ್ಕೆ ಬೆಂಕಿ ಅಥವಾ ಕೀಟನಾಶಕ ಬಳಸಬಾರದು. ಜನಸಂಚಾರಕ್ಕೆ ಅಪಾಯವಿಲ್ಲದ ಕಡೆ ಅದು ಕೆಲವು ತಿಂಗಳಲ್ಲಿ ತಾನೇ ವಲಸೆ ಹೋಗುತ್ತದೆ. ತೋಟಗಳಿಗೆ ಔಷಧಿ ಸಿಂಪಡಿಸಲೇಬೇಕಾದವರು ಹೂ ಅರಳಿದ ಹೊತ್ತನ್ನು ಬಿಟ್ಟು, ನೊಣಗಳು ಗೂಡು ಸೇರಿದ ಸಂಜೆಯ ಮೇಲೆ ಸಿಂಪಡಿಸಬೇಕು ಹಾಗೂ ಹಿಂದಿನ ದಿನವೇ ಸುತ್ತಲಿನ ಜೇನು ಕೃಷಿಕರಿಗೆ ತಿಳಿಸಬೇಕು.

ಜೇನುತುಪ್ಪವನ್ನು ಸೀಸೆಯಲ್ಲಿ ತುಂಬಿ ಮಾರಾಟ ಮಾಡುವವರು ಆಹಾರ ಸುರಕ್ಷತಾ ನೋಂದಣಿಯನ್ನು ಪಡೆಯಬೇಕು. ಜೇನು ಸಾಕಣೆಯಲ್ಲಿ ಹೆಚ್ಚಿನ ಶಾಸ್ತ್ರೀಯ ಮಾಹಿತಿ ಬೇಕಾದವರು ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜೇನು ಕೃಷಿ ವಿಭಾಗವನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಈಗಾಗಲೇ ಜೇನು ಸಾಕುತ್ತಿದ್ದು, ಹೊಸಬರಿಗೆ ತಮ್ಮ ಅಂಗಳದಲ್ಲಿ ಪೆಟ್ಟಿಗೆ ತೆರೆದು ತೋರಿಸಲು ಒಪ್ಪುವ ಕೃಷಿಕರು ತಮ್ಮ ಹೆಸರು ಹಾಗೂ ಬಿಡುವಿನ ದಿನವನ್ನು ಕಚೇರಿಯ ವೇಳೆಯಲ್ಲಿ ತಾಲ್ಲೂಕು ತೋಟಗಾರಿಕೆ ಕಚೇರಿಗೆ ತಿಳಿಸಲು ಕೋರಲಾಗಿದೆ.